ಹಂದಿ ತಲೆಗೆ ನಮ್ಮ ಮಕ್ಕಳು ಹೆದರೋದಿಲ್ಲ. ಕಥೆಯಲ್ಲಿ ಕೆಡುಕಿನ ಸಂಕೇತವನ್ನು ಅವರಿಗೆ ಹೇಗೆ ಓದಿಸಲಿ?

ವೀಣಾ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ ನಮ್ಮ ಪಂಚಾಯಿತಿ ಲೈಬ್ರರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತೇನೆ. ಒಂಬತ್ತು, ಹತ್ತನೇ ಕ್ಲಾಸಿನವರೇ ಜಾಸ್ತಿ, ಪಿಯುಸಿಯವರು ಕೆಲವರು. ಸುಮಾರು ಮಕ್ಕಳು ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುತ್ತಾರೆ. ಮಳೆಗಾಲದಲ್ಲಿ ಕರೆಂಟು ಇರೋದಿಲ್ಲ, ಕಿಟಕಿ ಪಕ್ಕ ಕೂತು ಓದುತ್ತೇವೆ.

ಈಗ ವಿಲಿಯಂ ಗೋಲ್ಡಿಂಗ್ ಬರೆದ 'ಲಾರ್ಡ್ ಆಫ್ ದ ಫ್ಲೈಸ್' ಹಿಡಿದಿದ್ದೇವೆ. ಇಂಗ್ಲಿಷ್ ಪುಸ್ತಕ ಕೈಯಲ್ಲಿಟ್ಟುಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಓದದವರಿಗಾಗಿ ಎರಡು ಮಾತು. ಯುದ್ಧದ ಸಮಯದಲ್ಲಿ ವಿಮಾನ ಬಿದ್ದು ಒಂದಷ್ಟು ಇಂಗ್ಲಿಷ್ ಹುಡುಗರು ಯಾರೂ ಇಲ್ಲದ ದ್ವೀಪ ಸೇರುತ್ತಾರೆ. ಶಂಖ ಊದಿ ಸಭೆ ಕರೆದು, ರಾಲ್ಫ್ ಅನ್ನೋ ಹುಡುಗನನ್ನು ನಾಯಕ ಮಾಡಿಕೊಂಡು, ಎಲ್ಲ ಚೆನ್ನಾಗಿ ಶುರು ಮಾಡುತ್ತಾರೆ. ಕಾಡಿನಲ್ಲಿ ಏನೋ ಮೃಗ ಇದೆ ಅನ್ನೋ ಹೆದರಿಕೆ ಹುಟ್ಟುತ್ತದೆ. ಜ್ಯಾಕ್ ಅನ್ನೋನು ಬೇಟೆಗಾರರ ಗುಂಪು ಕಟ್ಟುತ್ತಾನೆ. ಆಮೇಲೆ ಕೊಲೆಗಳು.

ಹಂದಿ ತಲೆಯನ್ನು ಕೋಲಿಗೆ ಚುಚ್ಚಿ ನಿಲ್ಲಿಸುವ ಜಾಗಕ್ಕೆ ಬಂದಾಗ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಅಕ್ಕಾ, ಹಂದಿ ತಲೆಗೆ ಯಾಕೆ ಹೆದರ್ಬೇಕು? ಕೈಲ್‌ಪೊಳ್ದ್ ದಿನ ಅಪ್ಪನೇ ಸುಟ್ಟು ಕೂದಲು ತೆಗೀತಾರೆ, ನಾನೇ ಹಿಡ್ಕೊಂಡಿರ್ತೀನಿ." ಉಳಿದವರೂ ಹೌದು ಹೌದು ಅಂದರು. ಕೈಲ್‌ಪೊಳ್ದ್ ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ. ಅವರಿಗೆ ಅದು ಹಬ್ಬದ ನೆನಪು.

ಗೈಡ್ ಪುಸ್ತಕಗಳಲ್ಲಿ ಒಂದು ಪಟ್ಟಿ ಇರುತ್ತದಲ್ಲ: ಶಂಖ ಅಂದರೆ ಪ್ರಜಾಪ್ರಭುತ್ವ, ಕನ್ನಡಕ ಅಂದರೆ ವಿಜ್ಞಾನ, ಹಂದಿ ತಲೆ ಅಂದರೆ ಕೆಡುಕು. ಅದನ್ನು ಬರೆಸೋಕೆ ನನಗೆ ಮನಸ್ಸಿಲ್ಲ. ಹಾಗೆ ಬರೆಸಿದರೆ ಕಥೆ ಅಲ್ಲೇ ಸತ್ತುಹೋಗುತ್ತದೆ. ಒಂದು ವಸ್ತುವಿನ ಮೂಲಕ ಮನುಷ್ಯನ ಕೆಟ್ಟತನವನ್ನು ಹೇಳೋದು ಅಂದರೇನು ಅಂತ ಈ ಮಕ್ಕಳಿಗೆ ಹೇಗೆ ತೋರಿಸಲಿ? ಇಲ್ಲಾ ಇದು ನಮ್ಮ ಊರಿಗೆ ಹೊಂದದ ಪುಸ್ತಕವೇ?

ಬೋಪಣ್ಣ, ಗೋಣಿಕೊಪ್ಪ (ನಿವೃತ್ತ ಇಂಗ್ಲಿಷ್ ಮೇಷ್ಟ್ರು)

ವೀಣಾ ಅವರೇ, ಪುಸ್ತಕ ಬಿಡಬೇಡಿ. ಆ ಹುಡುಗನನ್ನಂತೂ ಬಿಡಲೇಬೇಡಿ. ಅವನು ಕೇಳಿದ ಪ್ರಶ್ನೆಯಿಂದಲೇ ಪಾಠ ಶುರುವಾಗಬೇಕು.

ಹಂದಿ ತಲೆಯಲ್ಲಿ ಕೆಡುಕು ಇಲ್ಲ ಅಂತ ಅವನಿಗೆ ಗೊತ್ತು. ಗೋಲ್ಡಿಂಗ್‌ಗೂ ಗೊತ್ತು. ಹಾಗಾದರೆ ಅದು ಎಲ್ಲಿಂದ ಬಂತು? ಮಕ್ಕಳಿಗೆ ಕೇಳಬೇಕಾದ್ದು ಇಷ್ಟೇ. ತಲೆ ಯಾವುದರ ಗುರುತು ಅಂತ ಕೇಳಬೇಡಿ. ಅದನ್ನು ಅಲ್ಲಿಟ್ಟವರು ಯಾರು, ಯಾಕೆ ಇಟ್ಟರು, ಅದಕ್ಕೆ ಮೊದಲು ಏನು ಮಾಡಿದ್ದರು ಅಂತ ಕೇಳಿ.

ನಮ್ಮ ಅಜ್ಜನ ಕಾಲದಲ್ಲಿ ಬೇಟೆ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ, ಅಪರಾಧ ಆಗಿದ್ದೂ ಒಳ್ಳೆಯದೇ. ಆದರೆ ಅಜ್ಜ ಹೇಳುತ್ತಿದ್ದ ಕಟ್ಟಳೆಗಳು ನನಗೆ ನೆನಪಿವೆ. ಗುಂಡು ಹೊಡೆದವನಿಗೆ ಒಂದು ಪಾಲು. ಹಂದಿಯನ್ನು ಪೊದೆಯಿಂದ ಎಬ್ಬಿಸಿದವರಿಗೆ ಪಾಲು. ನಾಯಿಗೂ ಪಾಲು. ಮರಿ ಇರುವ ಹೆಣ್ಣು ಹಂದಿ ಕಣ್ಣಿಗೆ ಬಿದ್ದರೆ ಕೋವಿ ಇಳಿಸಬೇಕು. ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವಲ್ಲ, ಆಗಲೂ ಅಜ್ಜ ಅದನ್ನೇ ಹೇಳುತ್ತಿದ್ದರು. ಕೋವಿ ಇದ್ದವನ ಮೇಲೆ ಕಟ್ಟಳೆ ಜಾಸ್ತಿ ಅಂತ.

ಈಗ ಪುಸ್ತಕ ನೋಡಿ. ಜ್ಯಾಕ್‌ನ ಗುಂಪು ಹಂದಿಗಳನ್ನು ನೋಡಿದಾಗ ಯಾವುದನ್ನು ಆರಿಸುತ್ತದೆ? ಮರಿಗಳಿಗೆ ಹಾಲು ಕೊಡುತ್ತಾ ಮಲಗಿದ ತಾಯಿಯನ್ನು. ಅದನ್ನು ಕೊಲ್ಲುವ ರೀತಿಯಲ್ಲಿ ಹಸಿವಿನ ಅವಸರ ಇಲ್ಲ, ಹಿಂಸೆಯ ಖುಷಿ ಇದೆ. ಆಮೇಲೆ ಎರಡೂ ತುದಿ ಚೂಪು ಮಾಡಿದ ಕೋಲನ್ನು ಬಂಡೆಯ ಸಂದಿಗೆ ನೆಟ್ಟು, ತಲೆಯನ್ನು ಮೇಲೆ ಚುಚ್ಚಿ, ಮೃಗಕ್ಕೆ ಕಾಣಿಕೆ ಅಂತ ಬಿಟ್ಟು ಬರುತ್ತಾರೆ. ಮನುಷ್ಯರಿಗೂ ನಾಯಿಗೂ ಹೋಗಬೇಕಾದ ಪಾಲು ಇಲ್ಲಿ ಹೆದರಿಕೆಗೆ ಹೋಯಿತು. ತಲೆಯನ್ನು ಕೈಯಲ್ಲಿ ಹಿಡಿದು ಬೆಳೆದ ನಿಮ್ಮ ಹುಡುಗನಿಗೆ ಇದರ ವ್ಯತ್ಯಾಸ ಬೆಂಗಳೂರಿನ ಮಕ್ಕಳಿಗಿಂತ ಬೇಗ ಹೊಳೆಯುತ್ತದೆ, ನೋಡಿ ಬೇಕಾದರೆ.

ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೂ ಇದೇ ಮಾತು. ಜ್ಯಾಕ್ ಬಿಳಿ ಮಣ್ಣು, ಕೆಂಪು ಮಣ್ಣು, ಇದ್ದಿಲು ಬಳಿದುಕೊಂಡು ನೀರಿನಲ್ಲಿ ಮುಖ ನೋಡಿಕೊಳ್ಳುತ್ತಾನೆ. ಆ ಮುಖದ ಹಿಂದೆ ಅವನಿಗೆ ನಾಚಿಕೆ ಇಲ್ಲ. ನಮ್ಮ ಗೋಣಿಕೊಪ್ಪದ ಹತ್ತಿರ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ ಆಗುತ್ತದೆ. ಕುರುಬರು, ಯರವರು ವೇಷ ಹಾಕಿ, ಬಣ್ಣ ಬಳಿದು, ಡಬ್ಬ ಬಡಿಯುತ್ತಾ ಬರುತ್ತಾರೆ. ಎದುರು ಸಿಕ್ಕವರನ್ನು ಬೈಯುತ್ತಾರೆ, ದೇವರನ್ನೂ ಬಿಡೋದಿಲ್ಲ. ವರ್ಷವಿಡೀ ಇವರಿಂದ ಕೆಲಸ ಮಾಡಿಸಿಕೊಂಡ ತೋಟದ ಮಾಲೀಕರೂ ಆ ದಿನ ಬೈಸಿಕೊಂಡು ದುಡ್ಡು ಕೊಡುತ್ತಾರೆ. ಬಣ್ಣವೂ ಇದೆ, ಕೂಗೂ ಇದೆ. ಆದರೆ ಅದಕ್ಕೊಂದು ದಿನ ಇದೆ, ಒಂದು ದೇವಸ್ಥಾನ ಇದೆ, ಕೊನೆ ಇದೆ. ಮರುದಿನ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಜ್ಯಾಕ್‌ನ ಬಣ್ಣವನ್ನು ತೊಳೆಯೋ ದಿನ ಯಾರೂ ಗೊತ್ತು ಮಾಡಿಲ್ಲ. ನಿಮ್ಮ ಮಕ್ಕಳಲ್ಲಿ ಆ ಹಬ್ಬ ನೋಡಿದವರು ಇರಬಹುದು. ಅವರ ಬಾಯಿಂದಲೇ ಹೇಳಿಸಿ.

ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡೋದು ಹಂದಿ ತಲೆ ಅಲ್ಲ, ಬೇಟೆಗಾರರ ಗುಂಪಿನ ರೋಜರ್ ಎಸೆಯೋ ಕಲ್ಲು. ಅದು ಸುಮ್ನೆ ಓದಿದರೆ ದಾಟಿಹೋಗುವಂಥ ಜಾಗ. ಹೆನ್ರಿ ಅನ್ನೋ ಪುಟ್ಟ ಹುಡುಗ ದಡದಲ್ಲಿ ಆಡುತ್ತಿದ್ದಾನೆ. ರೋಜರ್ ಮರದ ಹಿಂದೆ ನಿಂತು ಅವನತ್ತ ಕಲ್ಲು ಎಸೆಯುತ್ತಾನೆ. ಆದರೆ ತಾಗದ ಹಾಗೆ ಎಸೆಯುತ್ತಾನೆ. ಹೆನ್ರಿಯ ಸುತ್ತ ಕೆಲವು ಗಜದ ಒಂದು ವೃತ್ತ ಇದೆ, ಅದರೊಳಗೆ ಎಸೆಯೋಕೆ ಅವನ ಕೈ ಬರೋದಿಲ್ಲ. ಅಪ್ಪ ಅಮ್ಮ, ಸ್ಕೂಲು, ಪೊಲೀಸು, ಕಾನೂನು, ಇವೆಲ್ಲ ಆ ಕೈಯನ್ನು ಇನ್ನೂ ಹಿಡಿದಿವೆ. ಮುಂದೆ ಇದೇ ರೋಜರ್ ಬೆಟ್ಟದ ಮೇಲಿಂದ ದೊಡ್ಡ ಬಂಡೆಯನ್ನು ಸನ್ನೆಕೋಲು ಹಾಕಿ ಉರುಳಿಸುತ್ತಾನೆ. ಕೆಳಗೆ ಪಿಗ್ಗಿ ಅನ್ನೋ ಹುಡುಗ ಶಂಖ ಹಿಡಿದು ನಿಂತಿದ್ದಾನೆ. ಪಿಗ್ಗಿ ಸಾಯುತ್ತಾನೆ, ಶಂಖ ಪುಡಿಯಾಗುತ್ತದೆ. ಅದೇ ಕೈ, ಅದೇ ಕಲ್ಲು. ವೃತ್ತ ಮಾತ್ರ ಇಲ್ಲ. ಈ ಎರಡು ಜಾಗವನ್ನು ಒಂದರ ಪಕ್ಕ ಒಂದು ಇಟ್ಟು ಓದಿಸಿ. ನಡುವಿನಲ್ಲಿ ಏನೇನು ಆಯಿತು, ಆ ವೃತ್ತ ಯಾವಾಗ ಅಳಿಸಿಹೋಯಿತು ಅಂತ ಮಕ್ಕಳೇ ಹುಡುಕಲಿ. ನಾನು ಕ್ಲಾಸಿನಲ್ಲಿ ಹಾಗೆ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರೂ ಪುಟ ತಿರುಗಿಸುತ್ತಿದ್ದರು.

ಕೊನೆಯದಾಗಿ ಹೆಣ. ಮಕ್ಕಳು ಮೃಗ ಅಂದುಕೊಂಡು ನಡುಗೋದು ಯಾವುದಕ್ಕೆ? ಬೆಟ್ಟದ ಮೇಲೆ ಪ್ಯಾರಾಚೂಟ್‌ಗೆ ಸಿಕ್ಕಿಕೊಂಡ ಒಬ್ಬ ಸತ್ತ ಸೈನಿಕನಿಗೆ. ಗಾಳಿ ಬಂದಾಗ ಅವನ ತಲೆ ಏಳುತ್ತದೆ, ಬೀಳುತ್ತದೆ. ದೊಡ್ಡವರ ಯುದ್ಧದಿಂದ ಬಿದ್ದ ಹೆಣ ಅದು. ದೂರದಿಂದ ಕಂಡವರೆಲ್ಲ ಓಡಿಹೋಗಿ ಮೃಗದ ಕಥೆ ಕಟ್ಟುತ್ತಾರೆ. ಸೈಮನ್ ಅನ್ನೋ ಹುಡುಗ ಒಬ್ಬನೇ ಹತ್ತಿರ ಹೋಗುತ್ತಾನೆ. ವಾಸನೆಗೆ ವಾಂತಿ ಮಾಡಿಕೊಳ್ಳುತ್ತಾನೆ, ಆದರೂ ಬಂಡೆಗೆ ಸಿಕ್ಕಿದ ಹಗ್ಗಗಳನ್ನು ಬಿಡಿಸುತ್ತಾನೆ. ಮೃಗ ಇಲ್ಲ ಅಂತ ಹೇಳೋಕೆ ಕೆಳಗೆ ಬರುತ್ತಾನೆ. ಮಳೆ ಗುಡುಗಿನ ನಡುವೆ ಕುಣಿಯುತ್ತಿದ್ದ ಹುಡುಗರು ಅವನನ್ನೇ ಮೃಗ ಅಂತ ಕೊಂದುಹಾಕುತ್ತಾರೆ.

ಇಲ್ಲಿ ನನಗೆ ಯಾವಾಗಲೂ ಅನಂತಮೂರ್ತಿಯವರ 'ಸಂಸ್ಕಾರ' ನೆನಪಾಗುತ್ತದೆ. 1965ರ ಕಾದಂಬರಿ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಆಚಾರ ಕೆಟ್ಟವನ ಹೆಣ ಸುಡೋರು ಯಾರು ಅಂತ ತೀರ್ಮಾನವಾಗದೆ ಹೆಣ ಕೊಳೆಯುತ್ತದೆ. ಇಲಿಗಳು ಸಾಯುತ್ತವೆ, ಮನೆ ಮಾಡಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಊರಿಗೆ ಪ್ಲೇಗ್ ಬಂದಿದೆ, ಅದು ಯಾರ ತಲೆಗೂ ಹೋಗುತ್ತಿಲ್ಲ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಖರ್ಚಿಗೆ ಅಂತ ಮೈಮೇಲಿನ ಚಿನ್ನ ಬಿಚ್ಚಿಟ್ಟಾಗ ಅಷ್ಟೂ ಜನರ ಕಣ್ಣು ಆ ಚಿನ್ನದ ಮೇಲೆ. ಕೆಡುಕು ನಾರಣಪ್ಪನ ಮೈಯಲ್ಲಿದೆ ಅಂತ ಅಗ್ರಹಾರ ನಂಬಿದೆ. ಓದುವವರಿಗೆ ಕಾಣೋದು ಸುತ್ತ ನಿಂತವರ ಮುಖ. ಕೊನೆಗೆ ಹೆಣ ಸುಟ್ಟವರು ಯಾರು? ಚಂದ್ರಿ. ರಾತ್ರಿ ಹೊತ್ತು, ಮೀನಿನ ವ್ಯಾಪಾರದ ಒಬ್ಬ ಸಾಬರ ಸಹಾಯ ತೆಗೆದುಕೊಂಡು.

ಹನ್ನೊಂದು ವರ್ಷದ ಅಂತರದಲ್ಲಿ ಬಂದ ಎರಡು ಪುಸ್ತಕ, ಒಂದು ಇಂಗ್ಲೆಂಡಿನದು, ಒಂದು ಮಲೆನಾಡಿನದು. ಎರಡರಲ್ಲೂ ಒಂದು ಹೆಣ. ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ, ಮುಟ್ಟುವವನು ಒಬ್ಬ, ಮುಟ್ಟುವವಳು ಒಬ್ಬಳು. ಕೆಟ್ಟತನವನ್ನು ತೋರಿಸೋಕೆ ಇದಕ್ಕಿಂತ ಗಟ್ಟಿಯಾದ ದಾರಿ ನನಗಂತೂ ಗೊತ್ತಿಲ್ಲ. ಒಂದು ವಸ್ತುವನ್ನು ನಡುವೆ ಇಟ್ಟುಬಿಡೋದು. ಯಾರ ಕೈ ಏನು ಮಾಡುತ್ತದೆ ಅಂತ ನೋಡುತ್ತಾ ಹೋಗೋದು.

ರಶೀದ್, ಕುಶಾಲನಗರ

ಬೋಪಣ್ಣ ಸರ್, ನಿಮ್ಮ ಮಾತು ಇಷ್ಟವಾಯಿತು. ಆದರೆ ನನಗೆ ಈ ಪುಸ್ತಕದ ಮೇಲೆ ಒಂದು ತಕರಾರಿದೆ. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ಕೊಲೆಗಾರರಾಗುತ್ತಾರೆ ಅನ್ನೋ ಹಾಗೆ ಕೇಳಿಸುತ್ತದೆ. ನಿಜಜೀವನದಲ್ಲಿ ಬೇರೆ ಥರ ಆಗಿದೆ. 1965ರಲ್ಲಿ ಟೋಂಗಾ ದೇಶದ ಆರು ಜನ ಹುಡುಗರು ಸ್ಕೂಲು ಬಿಟ್ಟು ದೋಣಿಯಲ್ಲಿ ಹೊರಟು, ಬಿರುಗಾಳಿಗೆ ಸಿಕ್ಕಿ, ಆಟಾ ಅನ್ನೋ ದ್ವೀಪ ಸೇರಿದರು. ಅಲ್ಲಿ ಜನ ಇರಲಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಇದ್ದರು. ಬೆಂಕಿ ಆರದ ಹಾಗೆ ಸರದಿಯಲ್ಲಿ ನೋಡಿಕೊಂಡರು, ತರಕಾರಿ ಬೆಳೆದರು. ಒಬ್ಬ ಬಿದ್ದು ಕಾಲು ಮುರಿದುಕೊಂಡಾಗ ಉಳಿದವರು ಕಾಲು ಕಟ್ಟಿ, ಅವನ ಕೆಲಸವನ್ನೂ ಮಾಡಿದರು. ಜಗಳ ಆದರೆ ಇಬ್ಬರೂ ಬೇರೆ ಬೇರೆ ಕಡೆ ಹೋಗಿ, ತಣ್ಣಗಾದ ಮೇಲೆ ಬರಬೇಕು. 1966ರಲ್ಲಿ ಪೀಟರ್ ವಾರ್ನರ್ ಅನ್ನೋ ಆಸ್ಟ್ರೇಲಿಯಾದವರು ಅವರನ್ನು ಕಂಡು ಕರೆತಂದರು. ವೀಣಾ ಅಕ್ಕಾ, ದಯವಿಟ್ಟು ಇದನ್ನೂ ಮಕ್ಕಳಿಗೆ ಹೇಳಿ. ಲೈನ್ ಮನೆ ಮಕ್ಕಳಿಗೆ 'ಮನುಷ್ಯ ಒಳಗೊಳಗೇ ಕೆಟ್ಟವನು' ಅಂತ ಕಲಿಸೋದು ನನಗೆ ಸರಿ ಕಾಣೋದಿಲ್ಲ.

ಪೂವಮ್ಮ, ಮಡಿಕೇರಿ

ನಾನು ಇನ್ನೊಂದು ಕಡೆಯಿಂದ ಬರುತ್ತೇನೆ. ನನಗೆ ಚಿಕ್ಕಂದಿನಲ್ಲಿ ಪೋಲಿಯೊ ಆಗಿ ಒಂದು ಕಾಲು ಸಣ್ಣ. ಸ್ಕೂಲಿನಲ್ಲಿ ನನ್ನನ್ನು 'ಕುಂಟ ಬಸವಿ' ಅಂತ ಕರೆಯುತ್ತಿದ್ದರು. ಯಾಕೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಚಿಕವೀರ ರಾಜೇಂದ್ರನ ಕಥೆ ಹೇಳುವವರೆಲ್ಲ ರಾಜನ ಕೆಟ್ಟ ಕೆಲಸಕ್ಕೆ ಕೈಯಾಗಿದ್ದವನು ಕುಂಟ ಬಸವ ಅಂತಲೇ ಶುರು ಮಾಡುತ್ತಾರೆ. ಮಾಸ್ತಿಯವರ ಕಾದಂಬರಿಯಲ್ಲೂ ಅವನಿದ್ದಾನೆ. ಅದಕ್ಕೆ 1983ರ ಜ್ಞಾನಪೀಠ ಬಂತು, ಅದೇ ವರ್ಷ ಗೋಲ್ಡಿಂಗ್‌ಗೆ ನೊಬೆಲ್. ಮಾಸ್ತಿಯವರು ಬಸವನಿಗೆ ರಾಜನ ಮೇಲಿನ ನಿಷ್ಠೆಯನ್ನೂ ಕೊಟ್ಟಿದ್ದಾರೆ, ಅದನ್ನು ಒಪ್ಪುತ್ತೇನೆ. ಆದರೆ ಜನರ ಬಾಯಲ್ಲಿ ಉಳಿದದ್ದು ನಿಷ್ಠೆ ಅಲ್ಲ, ಕಾಲು.

ಎಷ್ಟು ಕಥೆಗಳಲ್ಲಿ ಕೆಟ್ಟವನಿಗೆ ಒಂದು ಕಣ್ಣಿಲ್ಲ, ಬೆನ್ನು ಗೂನು, ಮೈ ಕಪ್ಪು, ಮುಖದಲ್ಲಿ ಗಾಯದ ಗುರುತು! ಬರೆಯುವವರಿಗೆ ಇದು ಸುಲಭ. ಓದುವವರಿಗೂ ಆರಾಮ. ನನ್ನ ಮೈ ನೆಟ್ಟಗಿದೆ, ಹಾಗಾಗಿ ಕೆಡುಕು ನನ್ನ ಹತ್ತಿರ ಇಲ್ಲ ಅಂತ ಪುಸ್ತಕ ಮುಚ್ಚಬಹುದು. ಆ ಸಂಕೇತದ ಬೆಲೆ ಕೊಡೋರು ನಾವು.

ರಾಜನ ವಿಷಯಕ್ಕೇ ಬಂದರೆ ಇನ್ನೊಂದು ಮಾತು. 1834ರಲ್ಲಿ ಕಂಪನಿಯವರು ಕೊಡಗನ್ನು ತೆಗೆದುಕೊಂಡಾಗ ರಾಜ ದುಷ್ಟ ಅನ್ನೋದು ಅವರಿಗೆ ಬಹಳ ಅನುಕೂಲದ ಮಾತಾಗಿತ್ತು. ಅವನು ಒಳ್ಳೆಯವನು ಅಂತ ನಾನು ಹೇಳುತ್ತಿಲ್ಲ. ಒಬ್ಬನನ್ನು ಕೆಡುಕಿನ ಗುರುತು ಮಾಡಿದಾಗ ಲಾಭ ಯಾರಿಗೆ ಅಂತಲೂ ಮಕ್ಕಳು ಕೇಳಲಿ.

ಒಳ್ಳೆಯ ಉದಾಹರಣೆ ಬೇಕಾದರೆ ನಮ್ಮ ಓಂಕಾರೇಶ್ವರ ದೇವಸ್ಥಾನವೇ ಇದೆ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಅವನು ಬ್ರಹ್ಮರಾಕ್ಷಸನಾಗಿ ಕಾಡಿದ, ಕಾಶಿಯಿಂದ ಲಿಂಗ ತರಿಸಿ ದೇವಸ್ಥಾನ ಕಟ್ಟಿಸಿದ ಮೇಲೆ ಕಾಟ ನಿಂತಿತು ಅಂತ ಜನ ಹೇಳುತ್ತಾರೆ. ನಮ್ಮಜ್ಜಿ ಕೆರೆ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕುತ್ತಾ ಇದನ್ನು ಹೇಳುತ್ತಿದ್ದರು. ಈ ಕಥೆಯಲ್ಲಿ ಭೂತ ಕಾಡಿನಿಂದ ಬರೋದಿಲ್ಲ. ರಾಜ ಮಾಡಿದ ಕೆಲಸದಿಂದಲೇ ಹುಟ್ಟಿ, ಅವನನ್ನೇ ಹುಡುಕಿಕೊಂಡು ಬರುತ್ತದೆ. ಅವನ ಕೈಕಾಲು ನೆಟ್ಟಗೇ ಇತ್ತು.

ಬೋಪಣ್ಣ, ಗೋಣಿಕೊಪ್ಪ

ಪೂವಮ್ಮ ಅವರೇ, ನೀವು ಹೇಳಿದ್ದನ್ನು ಯಾವ ಸಾಹಿತ್ಯದ ಕ್ಲಾಸಿನಲ್ಲಾದರೂ ಮೊದಲ ದಿನವೇ ಹೇಳಬೇಕು. ಹುಟ್ಟಿನಿಂದಲೋ ಕಾಯಿಲೆಯಿಂದಲೋ ಬಂದ ಮೈಯ ಗುರುತನ್ನು ಕೆಡುಕಿನ ಗುರುತು ಮಾಡೋದು ಬರವಣಿಗೆಯ ಸೋಮಾರಿತನ, ಅನ್ಯಾಯವೂ ಹೌದು. ಗೋಲ್ಡಿಂಗ್‌ನಲ್ಲಿ ಇದು ಉಲ್ಟಾ ಇದೆ, ಗಮನಿಸಿ. ದಪ್ಪ ಮೈ, ಆಸ್ತಮಾ, ಕಣ್ಣು ಕಾಣದ ಪಿಗ್ಗಿಯೇ ಅಲ್ಲಿ ಬುದ್ಧಿಯ ಮಾತು ಆಡೋನು. ಕೆಡುಕಿಗೆ ಇಳಿಯೋರು ಚರ್ಚಿನ ಹಾಡುಗಾರ ಹುಡುಗರು. ಕಪ್ಪು ಟೋಪಿ ಹಾಕಿ, ಸಾಲಾಗಿ ನಡೆದು ಬಂದವರು. ಪುಸ್ತಕದ ಕೊನೆಯ ಪುಟದಲ್ಲಿ ಜ್ಯಾಕ್‌ನ ತಲೆ ಮೇಲೆ ಆ ಟೋಪಿಯ ಚೂರು ಇನ್ನೂ ಇದೆ, ಸೊಂಟದಲ್ಲಿ ಪಿಗ್ಗಿಯಿಂದ ಕದ್ದ ಒಡೆದ ಕನ್ನಡಕ ಇದೆ. ಒಂದೇ ಮೈ ಮೇಲೆ ಎರಡೂ. ಅಷ್ಟು ಚಿಕ್ಕ ಜಾಗದಲ್ಲಿ ಇಡೀ ಕಥೆ ಹೇಳಿದ್ದಾರೆ.

ರಶೀದ್, ಟೋಂಗಾದ ಹುಡುಗರ ಕಥೆ ಖಂಡಿತ ಹೇಳಬೇಕು. ಆದರೆ ಕಾದಂಬರಿಯನ್ನು ಮಕ್ಕಳ ಬಗೆಗಿನ ಸಾಕ್ಷ್ಯ ಅಂತ ಓದಬೇಡ. ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿದ್ದವರು, 1944ರ ನಾರ್ಮಂಡಿ ದಾಳಿಯಲ್ಲಿ ಇದ್ದವರು. ಹುಡುಗರ ಸ್ಕೂಲಿನಲ್ಲಿ ಮೇಷ್ಟ್ರಾಗಿಯೂ ಇದ್ದರು. 1954ರಲ್ಲಿ ಈ ಪುಸ್ತಕ ಬಂತು. ಅವರು ಬರೆದದ್ದು ತಾವು ಕಂಡ ದೊಡ್ಡವರ ಬಗ್ಗೆ. ಕೊನೆಯಲ್ಲಿ ಹುಡುಗರನ್ನು ಕಾಪಾಡೋಕೆ ಬರುವ ಅಧಿಕಾರಿ ಎಷ್ಟು ಶುಭ್ರವಾಗಿ ಬಟ್ಟೆ ತೊಟ್ಟಿದ್ದಾನೆ! ಅವನ ಹಿಂದೆ ನಿಂತಿರೋದು ಯುದ್ಧನೌಕೆ. ಅವನೂ ಬೇಟೆಯ ನಡುವಿನಿಂದಲೇ ಎದ್ದು ಬಂದವನು. ನೀನು ಹೇಳಿದ ಆಟಾ ದ್ವೀಪದಲ್ಲಿ ಜಗಳಕ್ಕೆ ಒಂದು ಕಟ್ಟಳೆ ಇತ್ತು ನೋಡು, ದೂರ ಹೋಗು, ತಣ್ಣಗಾಗಿ ಬಾ. ಅವರು ಆ ವೃತ್ತವನ್ನು ಅಳಿಸದೆ ಉಳಿಸಿಕೊಂಡರು. ರೋಜರ್‌ನ ಕಲ್ಲಿನ ಜೊತೆ ಅದನ್ನು ಇಟ್ಟು ಓದಿದರೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ.

ವೀಣಾ, ಸುಂಟಿಕೊಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಶನಿವಾರ ರೋಜರ್‌ನ ಕಲ್ಲು ಮತ್ತು ಬಂಡೆಯ ಜಾಗಗಳನ್ನೇ ಓದಿದೆವು. ಹಂದಿ ತಲೆಯ ಹುಡುಗ ಮೊದಲು ಮಾತಾಡಿದ. "ಅಕ್ಕಾ, ಅವರು ಒಂದು ಸಲ ಸೈಮನ್‌ನ ಕೊಂದು, ಮರುದಿನ ಯಾರೂ ಅದರ ಬಗ್ಗೆ ಸರಿಯಾಗಿ ಮಾತೇ ಆಡಲಿಲ್ಲ ಅಲ್ವಾ, ಆವಾಗ ಅಳಿಸಿಹೋಗಿರ್ಬೇಕು" ಅಂದ. ಪಿಯುಸಿಯ ಒಬ್ಬಳು ಒಪ್ಪಲಿಲ್ಲ. ಮೊದಲ ಹಂದಿ ಕೊಂದು ಬಂದ ದಿನವೇ, ಬೆಂಕಿ ನೋಡಿಕೊಳ್ಳದೆ ಹಡಗು ದಾಟಿಹೋದ ದಿನವೇ ಅಂತ ವಾದ ಮಾಡಿದಳು. ಲೈಬ್ರರಿ ಬಾಗಿಲು ಹಾಕೋ ಹೊತ್ತಾದರೂ ಮುಗಿಯಲಿಲ್ಲ.

ಮುಂದಕ್ಕೆ ಒಂದು ಕನ್ನಡ ಪುಸ್ತಕ ತೆಗೆದುಕೊಳ್ಳೋಣ ಅಂತಿದ್ದೇನೆ. 'ಸಂಸ್ಕಾರ' ಓದಬಹುದಾ ಸರ್ ಈ ವಯಸ್ಸಿಗೆ?

ಬೋಪಣ್ಣ, ಗೋಣಿಕೊಪ್ಪ

ಆ ಹುಡುಗನಿಗೂ ಆ ಹುಡುಗಿಗೂ ನನ್ನ ಶಭಾಷ್ ಹೇಳಿ. ಇಬ್ಬರ ಮಾತಿಗೂ ಪುಸ್ತಕದಲ್ಲಿ ಆಧಾರ ಇದೆ.

'ಸಂಸ್ಕಾರ' ಪಿಯುಸಿಯವರಿಗೆ ಆಗುತ್ತದೆ, ಒಂಬತ್ತನೇ ಕ್ಲಾಸಿಗೆ ಬೇಡ. ದೊಡ್ಡವರ ಜೊತೆಗೇ ಇನ್ನೊಂದು ಓದಬಹುದು, ವಿವೇಕ ಶಾನಭಾಗರ 'ಘಾಚರ್ ಘೋಚರ್'. ಚಿಕ್ಕ ಪುಸ್ತಕ. ಅದರಲ್ಲಿ ಹಳೇ ಬಾಡಿಗೆ ಮನೆಗೆ ಇರುವೆಗಳು ಸಾಲುಗಟ್ಟಿ ಬರುತ್ತವೆ. ಮನೆಯವರು ಅವನ್ನು ಕೊಲ್ಲುತ್ತಾರೆ. ಮೊದಲು ಕಾಟ ತಡೆಯೋಕೆ, ಆಮೇಲೆ ರೂಢಿಯಿಂದ, ಆಮೇಲೆ ಒಂಥರಾ ಖುಷಿಯಿಂದ. ದುಡ್ಡು ಬಂದು ದೊಡ್ಡ ಮನೆಗೆ ಹೋದ ಮೇಲೆ, ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಅವನಿಗಾಗಿ ಅಡುಗೆ ಮಾಡಿಕೊಂಡು ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾಳೆ. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದ ಹಾಗೆ ಬೈದು ಓಡಿಸುತ್ತಾರೆ. ಅಲ್ಲಿ ಓದು ನಿಲ್ಲಿಸಿ, ಇರುವೆಯ ಪುಟಕ್ಕೆ ವಾಪಸ್ ಹೋಗಿ. ಕಥೆ ಹೇಳುವವನು ಎಲ್ಲವನ್ನೂ ನೋಡುತ್ತಾ ಸುಮ್ಮನಿರುತ್ತಾನೆ, ಅವನ ಬಗ್ಗೆಯೂ ಕೇಳಿ.

ಸಣ್ಣವರಿಗೆ ಸದ್ಯಕ್ಕೆ ಪೂವಮ್ಮ ಅವರು ಹೇಳಿದ ಓಂಕಾರೇಶ್ವರದ ಕಥೆ ಸಾಕು. ಅವರು ಒಪ್ಪಿದರೆ ಒಂದು ಶನಿವಾರ ಅವರನ್ನೇ ಕರೆಸಿ. ನನ್ನ ಹತ್ತಿರ 'ಘಾಚರ್ ಘೋಚರ್' ಎರಡು ಪ್ರತಿ ಇದೆ, ಒಂದನ್ನು ಸುಂಟಿಕೊಪ್ಪಕ್ಕೆ ಬಸ್ಸಿನಲ್ಲಿ ಕಳಿಸುತ್ತೇನೆ.